ಮಣ್ಣಿಗೆ ಹೋಗದ ಉಸಿರು

ನೆನೆಸಿದ ಅವರೆಕಾಳನ್ನು ಹಿದುಕುತ್ತ ಬಾಗಿಲ ಬಳಿ ಕೂತಿದ್ದೆ. ಹೆಬ್ಬೆರಳಿನಿಂದ ಒಂಚೂರು ಒತ್ತಿದರೆ ಕಾಳು ಸಿಪ್ಪೆಯಿಂದ ಜಾರಿ ಪಾತ್ರೆಗೆ ಬೀಳುತ್ತದೆ. ಅರ್ಧದಷ್ಟು ಮುಗಿದಿತ್ತು. ಒಳಕೋಣೆಯಲ್ಲಿ ನನ್ನ ಗಂಡ ಚೆಲುವರಾಜು ಊಟ ಮಾಡಿ ಮಲಗಿದ್ದರು. ಮದುವೆಯಾದಂದಿನಿಂದ ಕೇಳಿದ ಗೊರಕೆ, ಗಡಿಯಾರದ ಸದ್ದಿನ ಹಾಗೆ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆ ಮಧ್ಯಾಹ್ನ ಗೊರಕೆಯ ನಡುವೆ ಇನ್ನೊಂದು ಸದ್ದು ಬಂತು. ಸಣ್ಣ ಸಿಳ್ಳೆಯ ಹಾಗೆ, ಒಳಗೆಳೆದುಕೊಳ್ಳುವ ಉಸಿರು. ಅದು ಅರ್ಧಕ್ಕೆ ಬಂದು ನಿಂತಿತು. ಪೂರ್ತಿಯಾಗಲೂ ಇಲ್ಲ, ಹೊರಗೆ ಬರಲೂ ಇಲ್ಲ. ಆಮೇಲೆ ಗೊರಕೆ ತನ್ನ ಪಾಡಿಗೆ ಮುಂದುವರಿಯಿತು. ನನ್ನ ಬೆರಳುಗಳ ನಡುವಿನ ಕಾಳು ಹಾಗೇ ಉಳಿದಿತ್ತು.

ಎದುರಿಗೆ ಪಕ್ಕದ ಮನೆಯ ಕೆಂಪಾಜಮ್ಮ ಕೂತಿದ್ದಳು. ಅವಳ ಗಂಡ ಪೊಲೀಸಿನಲ್ಲೇ ಇದ್ದು ತೀರಿಕೊಂಡವನು, ಈಗ ಮಗ ಠಾಣೆಯ ಜೀಪು ಓಡಿಸುತ್ತಾನೆ. ಹಾಗಾಗಿ ಈ ಪೊಲೀಸ್ ಕ್ವಾರ್ಟರ್ಸಿನಲ್ಲಿ ಎಲ್ಲರಿಗಿಂತ ಹಳಬಳು ಅವಳೇ. ಕೇಳಿಸಿತೋ ಇಲ್ಲವೋ, ಅವಳು ತಲೆ ಎತ್ತಲಿಲ್ಲ. ತನ್ನ ಎಂದಿನ ಕೆಮ್ಮು ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಆ ಚಿಕ್ಕತಾಯಮ್ಮ ಬಟ್ಟೆ ಅಂಗಡಿ ಸಾಲು ಮುಗಿಸುದ್ಲಂತೆ ಕಣಮ್ಮಿ. ಯಾರ ಎದೇಲೂ ಇಲ್ವಂತೆ. ಇನ್ನು ನಮ್ಮ ಕಡೆಗೇ ಬರಾದು.”

“ಕ್ವಾರ್ಟರ್ಸಿಗೆ ಯಾವತ್ತಾದ್ರೂ ಯಾರಾದ್ರೂ ಬಂದಿದ್ದಾರಾ ಅಕ್ಕ?”

“ಬಂದಿಲ್ಲ. ಬರಬಾರ್ದು ಅಂತೇನೂ ಇಲ್ವಲ್ಲ.”

ನಮ್ಮ ಊರಿನಲ್ಲಿ ಸಾಯುವವರ ಕೊನೆಯ ಉಸಿರು ಹತ್ತಿರ ಇದ್ದವರ ಎದೆ ಸೇರುತ್ತದೆ. ಸೇರಿಸಿಕೊಂಡವರು ಅದನ್ನು ಸತ್ತವರ ಮನೆಗೆ ಕೊಂಡುಹೋಗಿ, ಹೊಸಿಲ ಬಳಿ ನಿಂತು, ಮನೆಯವರಿಗೆ ಒಪ್ಪಿಸಬೇಕು. ಒಪ್ಪಿಸಿಕೊಂಡವರು ಒಂದು ನಿಟ್ಟುಸಿರು ಬಿಟ್ಟರೆ ಅಲ್ಲಿಗೆ ಮುಗಿಯಿತು. ಆ ಒಂದು ನಿಟ್ಟುಸಿರಿನಲ್ಲಿ ತಮ್ಮವರು ಹೇಗೆ ಹೋದರೆಂದು ಅವರಿಗೆ ತಿಳಿಯುತ್ತದೆ, ನಿದ್ದೆಯಲ್ಲೋ, ನೋವಿನಲ್ಲೋ, ಹೆದರಿಕೆಯಲ್ಲೋ. ಮುದುಕರ ಮಂಚದ ಪಕ್ಕ ಯಾರು ಕೂರಬೇಕೆಂದು ಮಗಳಿಗೂ ಸೊಸೆಗೂ ಜಗಳವಾಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ನಡೆಯಲಾಗದ ಅತ್ತೆಗೆ ನೆರೆಯವಳ ಉಸಿರು ಸೇರಿದರೆ, ಸೊಸೆ ಬಾಯಿಗೆ ಬಾಯಿ ಹತ್ತಿರ ತಂದು ದಾಟಿಸಿಕೊಂಡು ತಾನೇ ಹೋಗಿ ಒಪ್ಪಿಸಿ ಬರುತ್ತಾಳೆ. ಒಮ್ಮೆ ಬಸ್ಸಿನ ಕಂಡಕ್ಟರನೊಬ್ಬ ಹೆಸರು ಗೊತ್ತಿಲ್ಲದ ಪ್ರಯಾಣಿಕನ ಉಸಿರು ಹೊತ್ತು, ಊರೂರು ಅಲೆದು, ಕೊನೆಗೂ ಮನೆ ಹುಡುಕಿಕೊಂಡಿದ್ದ. ಕೊಡದೆ ಇಟ್ಟುಕೊಂಡವರ ಉಸಿರು ದಿನದಿನಕ್ಕೆ ಗಿಡ್ಡವಾಗುತ್ತದೆ ಎನ್ನುತ್ತಾರೆ. ಯಾರೂ ತಂದುಕೊಡದಿದ್ದರೆ ಸತ್ತವರ ಮನೆಯ ಹೆಂಗಸು ಊರಲ್ಲಿ ಯಾರ ಎದೆಗೆ ಬೇಕಾದರೂ ಕಿವಿ ಇಟ್ಟು ಕೇಳಬಹುದು. ಬೇಡ ಅನ್ನುವ ಹಾಗಿಲ್ಲ.

ಚಿಕ್ಕತಾಯಮ್ಮ ಹುಡುಕುತ್ತಿದ್ದದ್ದು ತನ್ನ ತಮ್ಮ ಶಿವಮಲ್ಲುವಿನ ಉಸಿರು. ಶಿವಮಲ್ಲುವನ್ನು ಕಾಣದವರು ಊರಲ್ಲಿ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನ ಕೂಗುವುದು ಅವನ ಕೆಲಸ. ದಮ್ಮಿನ ಕಾಯಿಲೆ ಇದ್ದರೂ ಅವನ ಗಂಟಲು ಮಾರುಕಟ್ಟೆಯವರೆಗೂ ಕೇಳುತ್ತಿತ್ತು. ಆ ದಿನ ಅವನಿಗೆ ಮೈ ಸುಡುವ ಜ್ವರ. ಕಣ್ಣು ಕೆಂಪಗೆ ಮಾಡಿಕೊಂಡು, ಅಂಗಿ ಹರಿದುಕೊಂಡು, ಎಲ್ಲೂ ಇಲ್ಲದ ಊರುಗಳ ಹೆಸರು ಕೂಗುತ್ತ ಬಸ್ಸುಗಳಿಗೆ ಅಡ್ಡ ನಿಂತನಂತೆ. ಜನ ಹೆದರಿ ಠಾಣೆಗೆ ಹೇಳಿದರು. ನಾಲ್ವರು ಹೋದರು. ಅದರಲ್ಲಿ ನನ್ನ ಗಂಡನೂ ಒಬ್ಬರು.

“ನಾನು ಕಾಲು ಹಿಡ್ಕೊಂಡಿದ್ದೆ ಅಷ್ಟೆ,” ಎಂದು ಅವರು ಮನೆಗೆ ಬಂದು ಹೇಳಿದ್ದರು. ಕೇಳುವ ಮೊದಲೇ ಹೇಳಿದ್ದರು.

ಠಾಣೆಯವರಿಗೆ ಒಂದು ಪದ್ಧತಿ ಇದೆ. ಯಾರನ್ನೇ ಹಿಡಿದು ಕೆಡವಿದರೂ ಮುಖ ನೆಲಕ್ಕೆ ಮಾಡಿಸಬೇಕು. ಹೆಚ್ಚುಕಡಿಮೆ ಆದರೆ ಉಸಿರು ಮಣ್ಣಿಗೆ ಹೋಗುತ್ತದೆ, ನಮ್ಮ ಮೇಲೆ ಬರುವುದಿಲ್ಲ ಎಂದು ಹಳಬರು ಹೊಸಬರಿಗೆ ಹೇಳಿಕೊಡುತ್ತಾರೆ. ಹಿಂದೆ ಯಾವಾಗಲೋ ಅಂಗಾತ ಮಲಗಿಸಿದ್ದವನ ಉಸಿರು ಒಬ್ಬ ಪೇದೆಯ ಎದೆಗೆ ಸೇರಿ, ಅವನು ಆ ಮನೆಯ ಹೊಸಿಲಿಗೆ ಹೋಗಿ ನಿಲ್ಲಬೇಕಾಗಿ ಬಂದು, ಕೆಲಸ ಹೋಗಿ ಜೈಲಿಗೂ ಹೋಗಿದ್ದನಂತೆ. ಅಲ್ಲಿಂದೀಚೆ ಈ ಪದ್ಧತಿ. ಕ್ವಾರ್ಟರ್ಸಿನ ಹೆಂಗಸರಿಗೂ ಇದು ಧೈರ್ಯದ ಮಾತು. ಗಂಡಸರು ಡ್ಯೂಟಿಗೆ ಹೊರಟಾಗ ನಾವೇ ನೆನಪಿಸುವುದೂ ಉಂಟು, “ನೆಲ ನೋಡಿಸಿ ಹಿಡೀರಿ” ಎಂದು.

ಶಿವಮಲ್ಲು ಹೃದಯ ನಿಂತು ಸತ್ತನೆಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟರು. ಉಸಿರು ಮಣ್ಣಿಗೆ ಹೋಯಿತೆಂದು ಠಾಣೆಯಲ್ಲಿ ಹೇಳಿದರು. ಚಿಕ್ಕತಾಯಮ್ಮ ತಮ್ಮ ಬಿದ್ದಿದ್ದ ಜಾಗಕ್ಕೆ ಹೋಗಿ, ಬಸ್ಸುಗಳ ನಡುವೆ ಮಲಗಿ, ನೆಲಕ್ಕೆ ಕಿವಿ ಇಟ್ಟು ಕೇಳಿದಳಂತೆ. ಎದ್ದು ಮಂಡಿಯ ಧೂಳು ಕೊಡವಿ, “ಇಲ್ಲಿಲ್ಲ” ಎಂದಳಂತೆ.

ನಾನು ಕೇಳಿದ ಆ ಸಿಳ್ಳೆ ಮರುದಿನವೂ ಬಂತು. ಈ ಸಲ ಅವರು ಎಚ್ಚರವಾಗಿದ್ದರು. ತುತ್ತನ್ನು ಬಾಯಿಗೆ ಒಯ್ಯುತ್ತಿದ್ದ ಕೈ ಗಾಳಿಯಲ್ಲಿ ನಿಂತಿತು, ಕಣ್ಣು ಅಗಲವಾಯಿತು, ಎದೆ ಮೇಲೇಳಲು ನೋಡಿ ಸೋತಿತು. ನೀರು ಕೊಟ್ಟೆ. ಕುಡಿದು, “ಶೀತ” ಎಂದರು. ನಾನೂ “ಹೌದು, ಗಾಳಿ ತಣ್ಣಗಿದೆ” ಎಂದೆ. ಹೊರಗೆ ಬಿಸಿಲು ಸುಡುತ್ತಿತ್ತು. ಅಂದಿನಿಂದ ನನ್ನ ಕಿವಿ ಅವರ ಎದೆಯನ್ನು ಬಿಟ್ಟು ಬರಲಿಲ್ಲ. ಪಾತ್ರೆ ತೊಳೆಯುವಾಗ ನಲ್ಲಿ ಸಣ್ಣಗೆ ಬಿಡುತ್ತಿದ್ದೆ. ಬೀದಿಯಲ್ಲಿ ಯಾರದಾದರೂ ಹೆಣ್ಣು ದನಿ ಕೇಳಿದರೆ ಚಿಕ್ಕತಾಯಮ್ಮನೇ ಎಂದು ಕಿಟಕಿಯಲ್ಲಿ ಇಣುಕುತ್ತಿದ್ದೆ.

ಶೀತದ ಔಷಧಿ ನೆಪದಲ್ಲಿ ಅದೇ ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರ್ ವಸುಮತಿ ನನ್ನನ್ನು ಬಲ್ಲವರು. ರೋಗಿಗಳು ಖಾಲಿಯಾಗುವ ತನಕ ಕಾದೆ. ಯಾರಿಗೆ ಔಷಧಿ ಎಂದು ಕೇಳಿದರು. ಯಜಮಾನರಿಗೆ ಎಂದೆ. ಅವರು ಬರೆಯುತ್ತಿದ್ದ ಪೆನ್ನು ನಿಂತಿತು.

“ಸಿಳ್ಳೆ ತರಹ ಬರುತ್ತಾ?”

ನಾನು ಬಾಗಿಲ ಕಡೆ ನೋಡಿದೆ. ಅವರು ಎದ್ದು ಬಾಗಿಲು ಮುಂದಕ್ಕೆ ಹಾಕಿ ಬಂದರು.

“ನಾನು ಸುಳ್ಳು ಬರೆದಿಲ್ಲ ಇಂದ್ರಾಣಿ. ಹೃದಯ ನಿಂತಿತ್ತು. ಸಾಯೋವಾಗ ಯಾರ ಹೃದಯ ತಾನೇ ನಿಲ್ಲಲ್ಲ?” ಎಂದು ನಗಲು ನೋಡಿದರು. ಆಗಲಿಲ್ಲ.

“ಕತ್ತು ಹಿಸುಕಿದ್ರಾ ಮೇಡಂ?”

“ಇಲ್ಲ. ಹಿಸುಕಿದ್ರೆ ಗುರುತು ಸಿಗ್ತಿತ್ತು. ಇದರಲ್ಲಿ ಮೈಮೇಲೆ ಹೇಳ್ಕೊಳ್ಳೋ ಅಂಥದ್ದೇನೂ ಕಾಣಲ್ಲ, ಅದೇ ಕಷ್ಟ. ಉಸಿರಾಡ್ಬೇಕು ಅಂದ್ರೆ ಪಕ್ಕೆಲುಬು ಅರಳ್ಬೇಕು, ಹೊಟ್ಟೆಗೆ ಜಾಗ ಬೇಕು. ಬೋರಲು ಹಾಕಿ, ಕೈ ಹಿಂದೆ ಕಟ್ಟಿ, ಬೆನ್ನ ಮೇಲೆ ಭಾರ ಹಾಕಿದ್ರೆ ಎರಡೂ ಆಗಲ್ಲ. ಅವನಿಗೆ ಮೊದಲೇ ಜ್ವರ, ದಮ್ಮು, ಓಡಾಡಿ ಸುಸ್ತು. ಬೇರೆಯವರಿಗಿಂತ ಜಾಸ್ತಿ ಗಾಳಿ ಬೇಕಿತ್ತು, ಸಿಕ್ಕಿದ್ದು ಕಮ್ಮಿ. ಉಸಿರು ಸಿಗದವನು ಒದ್ದಾಡ್ತಾನೆ. ಒದ್ದಾಡಿದ್ರೆ ತಿರುಗಿ ಬೀಳ್ತಿದ್ದಾನೆ ಅಂತ ಇವರು ಇನ್ನೂ ಒತ್ತುತ್ತಾರೆ. ಕೊನೆಗೆ ಅವನು ಸುಮ್ನಾದಾಗ ಬುದ್ಧಿ ಬಂತು ಅನ್ಕೋತಾರೆ.”

“ಏನು ಮಾಡಿದ್ರೆ ಉಳೀತಿದ್ದ?”

“ಕೈಗೆ ಬೇಡಿ ಬಿದ್ದ ಕೂಡಲೇ ಮಗ್ಗುಲಿಗೆ ಹೊರಳಿಸಿ, ಎಬ್ಬಿಸಿ ಕೂರಿಸಿದ್ರೆ ಆಗ್ತಿತ್ತೇನೋ.” ಅವರು ಚೀಟಿ ಹರಿದು ಕೊಟ್ಟರು. “ನನಗೂ ಮಕ್ಕಳಿದ್ದಾರೆ ಕಣಮ್ಮ. ಇದನ್ನ ನಾನು ನಿನಗೆ ಹೇಳಿಲ್ಲ. ಈ ಔಷಧಿಯಿಂದ ಅದು ಹೋಗೋದೂ ಇಲ್ಲ.”

ಮನೆಗೆ ಬಂದಾಗ ಅವರು ಇರಲಿಲ್ಲ. ಕೋಣೆಯ ನೆಲದ ಮೇಲೆ ಬೋರಲು ಮಲಗಿದೆ. ಕೆನ್ನೆಗೆ ಸಿಮೆಂಟು ತಣ್ಣಗೆ ತಾಗಿತು. ಕೈಗಳನ್ನು ಹಿಂದೆ ತಂದು ಒಂದನ್ನೊಂದು ಹಿಡಿದುಕೊಂಡೆ. ಉಸಿರಾಡಬಹುದಿತ್ತು, ಆದರೆ ಪ್ರತಿಯೊಂದು ಉಸಿರಿಗೂ ನನ್ನ ಮೈಯನ್ನು ನಾನೇ ಎತ್ತಬೇಕಾಗಿತ್ತು. ಹಾಗೇ ಇದ್ದೆ. ಬಾಗಿಲು ತೆರೆದದ್ದು ಕೇಳಲಿಲ್ಲ.

“ಏನೇ ಇದು?”

ಬೂಟು ಕಳಚಿಟ್ಟು ಅವರು ಬಾಗಿಲಲ್ಲಿ ನಿಂತಿದ್ದರು. ನಾನು ಕೈ ಬಿಟ್ಟೆ. “ಬೆನ್ನು ನೋವು,” ಎಂದೆ.

“ತುಳೀಲಾ?”

ಇದು ನಮ್ಮ ಮನೆಯ ಹಳೆಯ ರೂಢಿ. ಬಟ್ಟೆ ಒಗೆದು ಬೆನ್ನು ಹಿಡಿದುಕೊಂಡ ದಿನ ಅವರು ಒಂದು ಕಾಲು ನೆಲದ ಮೇಲಿಟ್ಟು, ಇನ್ನೊಂದರಿಂದ ನನ್ನ ಬೆನ್ನನ್ನು ಮೆಲ್ಲಗೆ ತುಳಿಯುತ್ತಾರೆ. ಎಷ್ಟು ಭಾರ ಬಿಡಬೇಕೆಂದು ಗೊತ್ತಿರುವ ಕಾಲು ಅದು. ಬೇಡ ಎನ್ನಬಹುದಿತ್ತು.

“ತುಳೀರಿ,” ಎಂದೆ.

ಅವರು ಕಾಲಿಡಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು, ಒಂದು ಕೈ ನನ್ನ ಮಣಿಕಟ್ಟಿಗೆ ಹೋಯಿತು, ಬಲ ಮಂಡಿ ಬಂದು ಎರಡು ಹೆಗಲುಮೂಳೆಗಳ ನಡುವೆ ಊರಿತು. ಯೋಚಿಸಿ ಮಾಡಿದ್ದಲ್ಲ ಅದು. ಮಂಡಿಗೆ ಜಾಗ ಗೊತ್ತಿತ್ತು. ನನ್ನ ಉಸಿರು ಹೊರಗೆ ಹೋಯಿತು, ಒಳಗೆ ಬರಲಿಲ್ಲ. ಕೂಗಬೇಕೆಂದರೆ ಕೂಗಲು ಗಾಳಿ ಇರಲಿಲ್ಲ. ಅದೇ ಹೊತ್ತಿಗೆ ಮೇಲಿಂದ ಆ ಸಿಳ್ಳೆ ಬಂತು, ನನ್ನ ತಲೆಯ ಹಿಂದೆಯೇ, ಅರ್ಧಕ್ಕೆ ನಿಂತ ಆ ಉಸಿರು. ಮಂಡಿ ಹಾವು ತುಳಿದಂತೆ ಹಿಂದಕ್ಕೆ ಹೋಯಿತು.

ನಾನು ಎದ್ದು ಗೋಡೆಗೆ ಒರಗಿ ಕೂತೆ. ಅವರು ಎದುರು ಗೋಡೆಗೆ ಒರಗಿದ್ದರು. ಇಬ್ಬರೂ ಏದುಸಿರು ಬಿಡುತ್ತಿದ್ದೆವು.

“ಕಾಲು ಹಿಡ್ಕೊಂಡಿದ್ದೆ ಅಂದ್ರಿ.”

“ಉಸಿರು ಕಟ್ತದೆ ಅಂತ ಹೇಳ್ತಾನೇ ಇದ್ದ ಕಣೇ.” ಅವರು ತಮ್ಮ ಮಂಡಿಯನ್ನು ನೋಡುತ್ತಿದ್ದರು. “ಮಾತಾಡೋನಿಗೆ ಉಸಿರು ಇರ್ತದಲ್ಲ ಅಂದ್ರು ಒಬ್ರು. ಎಲ್ರೂ ನಕ್ವಿ. ಆಮೇಲೆ ಸುಮ್ನಾದ. ಸುಮ್ನಾದ ಮೇಲೂ ಸ್ವಲ್ಪ ಹೊತ್ತು ನಾನು ಎದ್ದಿಲ್ಲ. ನಾಟಕ ಮಾಡ್ತಿದ್ದಾನೆ ಅನ್ಕೊಂಡೆ. ಎದ್ದಾಗ ಎದೇಲಿ ಏನೋ ಸಿಕ್ಕಿಕೊಂಡ ಹಾಗಾಯ್ತು. ಮಣ್ಣಿಗೆ ಹೋಗ್ತದೆ ಅಂದಿದ್ರು, ಇಂದ್ರಾಣಿ. ನೆಲಕ್ಕೇ ಅಲ್ವಾ ಅವನ ಮುಖ ಇದ್ದದ್ದು.”

ನಾನು ಅವರ ಕೈಗಳನ್ನು ನೋಡಿದೆ. ಆ ಮನುಷ್ಯ ನನ್ನ ಮೇಲೆ ಎಂದೂ ಕೈ ಎತ್ತಿದವರಲ್ಲ. ನನಗೆ ಜ್ವರ ಬಂದರೆ ತಲೆಗೆ ಒದ್ದೆ ಬಟ್ಟೆ ಹಾಕಿ ಕೂರುವವರು. ಅದೇ ನನ್ನನ್ನು ಇನ್ನೂ ಹೆದರಿಸಿತು.

ಅವರು, ನನ್ನ ಕಡೆ ನೋಡದೆ, ಠಾಣೆಯ ಸಾಹೇಬರು ಹೇಳಿ ಕಳಿಸಿದ ಮಾತನ್ನು ಹೇಳಿದರು. ಚಿಕ್ಕತಾಯಮ್ಮ ಬರುವ ಮೊದಲು ಅದನ್ನು ಹೆಂಡತಿಗೆ ದಾಟಿಸಿಬಿಡು. ಗಂಡಸರ ಎದೆಗೆ ಕಿವಿ ಇಡುತ್ತಾಳೆ, ಅಡುಗೆಮನೆಯಲ್ಲಿರುವವಳ ಎದೆಗೆ ಯಾರು ಇಡುತ್ತಾರೆ?

“ಬಲವಂತ ಇಲ್ಲ,” ಎಂದರು. “ನೀನು ಒಪ್ಪಿ ಬಾಯಿ ತೆಗೆದ್ರೆ ಮಾತ್ರ ಅದು ಬರೋದು. ಇಲ್ಲಾಂದ್ರೆ ನಾನು ಜೈಲಿಗೆ ಹೋಗ್ತೀನಿ. ಹೋಗೋ ತನಕ ಉಳಿದಿದ್ರೆ.”

ನಾನು ಎದ್ದು ಕೆಂಪಾಜಮ್ಮನ ಮನೆಗೆ ಹೋದೆ. ಅವಳು ಹಪ್ಪಳ ಒಣಗಿಸುತ್ತಿದ್ದಳು. ನನ್ನ ಮುಖ ನೋಡಿದವಳೇ ಕೈಯ ಹಪ್ಪಳವನ್ನು ಕೆಳಗಿಟ್ಟಳು.

“ನಿನ್ ಗಂಡ ಕೇಳುದ್ನಾ, ತಕ್ಕ ಅಂತ?”

“ನಿಮಗೆ ಹೇಗೆ ಗೊತ್ತಾಯ್ತು ಅಕ್ಕ?”

ಅವಳು ಕೆಮ್ಮಿದಳು. ಎಷ್ಟೋ ವರ್ಷದಿಂದ ಕೇಳಿದ ಕೆಮ್ಮು. ಅವಳ ಮೈಗಿಂತ ದೊಡ್ಡದಾದ, ಒಡಕು ಗಂಟಲಿನ ಕೆಮ್ಮು. ಗಂಡಸಿನ ಕೆಮ್ಮು ಅದು ಎಂದು ಆಗ ನನಗೆ ಹೊಳೆಯಿತು.

“ಇದು ನಂದಲ್ಲ ಕಣಮ್ಮಿ,” ಎಂದಳು.

“ಯಾರ್ದು?”

“ಹೆಸರು ಕೇಳ್ನಿಲ್ಲ. ಕೇಳುದ್ರೆ ಇಟ್ಕಳಕ್ಕಾಯ್ತದಾ?” ಹಪ್ಪಳವನ್ನು ತಿರುವಿ ಹಾಕಿದಳು. “ನಂದೊಂದೇ ಅನ್ಕಂಡಿದ್ದೀಯಾ? ಆ ಮೂಲೆಮನೆ ಪುಟ್ಟಲಿಂಗಿ ಮೆಟ್ಲು ಹತ್ತಕ್ಕಾಗ್ದೆ ಯಾಕೆ ಕೂತ್ಕತಳೆ? ಅಭ್ಯಾಸ ಆಯ್ತದೆ. ಜೋರಾಗಿ ನಗಾಡಕ್ಕಾಗಲ್ಲ, ಅಷ್ಟೆಯ. ನಗಾಡೋ ಅಂತದ್ದು ಇಲ್ಲೇನೈತೆ ಬುಡು.”

“ಹಾಗಾದ್ರೆ ಮಣ್ಣಿಗೆ ಹೋಗೋದು?”

“ನಾವೇ ಕಣಮ್ಮಿ ಮಣ್ಣು.”

ಅಂಗಳದ ಬಿಸಿಲಲ್ಲಿ ನಿಂತು ನಾನು ನಮ್ಮ ಸಾಲಿನ ಮನೆಗಳನ್ನು ನೋಡಿದೆ. ಎಲ್ಲ ಒಂದೇ ಥರದ ಹಳದಿ ಗೋಡೆ, ಒಂದೇ ಥರದ ಹಸಿರು ಬಾಗಿಲು. ಎಷ್ಟು ಬಾಗಿಲ ಹಿಂದೆ ಎಷ್ಟು ಉಸಿರು ಸಿಕ್ಕಿಹಾಕಿಕೊಂಡಿದೆಯೋ ಗೊತ್ತಿರಲಿಲ್ಲ. ಕೆಂಪಾಜಮ್ಮ ಹಿಂದಿನಿಂದ, “ಹಿಂದುಮುಂದು ನೋಡ್ಬ್ಯಾಡ, ಕಣ್ಣು ಮುಚ್ಕಂಡು ತಕ್ಕ. ಮೀನು ಮುಳ್ಳು ಸಿಕ್ಕಾಕ್ಕಂಡಂಗೆ ಆಯ್ತದೆ. ಅನ್ನ ನುಂಗಿದ್ರೆ ಹೋಗಲ್ಲ ಅಷ್ಟೆ,” ಎಂದಳು.

ಚಿಕ್ಕತಾಯಮ್ಮ ಕ್ವಾರ್ಟರ್ಸಿನ ಗೇಟಿನ ಬಳಿ ಕಂಡದ್ದು ಮರುದಿನ ಬೆಳಿಗ್ಗೆ. ಮೊದಲ ಮನೆಗೆ ಹೋದಳೆಂದು ಸುದ್ದಿ ಬಂತು. ನನ್ನ ಗಂಡ ಸ್ನಾನ ಮಾಡಿ ಟವೆಲ್ ಸುತ್ತಿಕೊಂಡು ನಡುಮನೆಯಲ್ಲಿ ನಿಂತಿದ್ದರು. ತುಟಿ ನೀಲಿಯಾಗಿತ್ತು. ಬಾಯಿ ತೆರೆದು ಮುಚ್ಚಿದರು, ನೀರಿನಿಂದ ಹೊರಗೆ ಬಿದ್ದ ಮೀನಿನ ಹಾಗೆ. ನಾನು ಹತ್ತಿರ ಹೋಗಿ ಬಾಯಿ ತೆರೆದೆ.

ಅದು ತಣ್ಣಗಿತ್ತು. ಧೂಳಿನ ರುಚಿ, ಡೀಸೆಲ್ಲಿನ ವಾಸನೆ. ಗಂಟಲು ದಾಟಿ ಎದೆಯ ಮಧ್ಯಕ್ಕೆ ಬಂದು ನಿಂತಿತು, ಬಾಗಿಲ ಸಂದಿಯಲ್ಲಿ ಸಿಕ್ಕಿದ ಬೆರಳಿನ ಹಾಗೆ. ಕೂಗಲು ತೆಗೆದುಕೊಂಡ ಉಸಿರು ಅದೆಂದು ನನಗೆ ಗೊತ್ತಾಯಿತು. ಒಂದು ಹೆಸರು ಕೂಗಲು ಹೊರಟು, ಗಾಳಿ ಸಾಲದೆ ಉಳಿದದ್ದು. ಊರಿನ ಹೆಸರಲ್ಲ. ಅಕ್ಕ ಎನ್ನಲು ಹೊರಟಿದ್ದ.

ಬಾಗಿಲು ತಟ್ಟಿದ ಸದ್ದಾಯಿತು. ನಾನು ಅಡುಗೆಮನೆಗೆ ಸರಿದು ಕದದ ಹಿಂದೆ ನಿಂತೆ.

ಚಿಕ್ಕತಾಯಮ್ಮ ನಾನು ಅಂದುಕೊಂಡಷ್ಟು ದೊಡ್ಡ ಹೆಂಗಸಲ್ಲ. ಕಾಲೇಜಿನ ಮುಂದೆ ಬೇಯಿಸಿದ ಕಡಲೆಕಾಯಿ ಮಾರುವ ಸಣ್ಣ ಆಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. “ಕಿವಿ ಇಡ್ತೀನಿ ಅಣ್ಣ,” ಎಂದಳು. ಅವರು ತಲೆಯಾಡಿಸಿದರು. ಅವಳು ತುದಿಗಾಲಲ್ಲಿ ನಿಂತು, ಒದ್ದೆ ಎದೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿದಳು. ನನ್ನ ಎದೆಯಲ್ಲಿದ್ದದ್ದು ಕದಲಿತು. ಮಗು ಎದ್ದು ಕೂತ ಹಾಗೆ ಕದಲಿತು. ನಾನು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡೆ. ಮೂಗಿನಲ್ಲಿ ಸಿಳ್ಳೆ ಬರಬಾರದೆಂದು ಮೂಗನ್ನೂ ಹಿಡಿದುಕೊಂಡೆ. ಕಣ್ಣು ಕತ್ತಲೆಗಟ್ಟಿತು. ಅವಳು ಕೇಳುತ್ತಲೇ ಇದ್ದಳು.

“ಇಲ್ಲ,” ಎಂದಳು ಕೊನೆಗೆ. ಒಂದು ಹೆಜ್ಜೆ ಹಿಂದೆ ಸರಿದು ನನ್ನ ಗಂಡನಿಗೆ ಕೈ ಮುಗಿದಳು. “ತಪ್ಪು ತಿಳ್ಕಬೇಡಿ ಅಣ್ಣ. ನೀವೇ ಮೇಲಿದ್ರಿ ಅಂತ ಬಸ್‌ಸ್ಟ್ಯಾಂಡಲ್ಲಿ ಯಾರೋ ಅಂದ್ರು. ಸುಮ್ಸುಮ್ನೆ ನಿಮ್ಮ ಮೇಲೆ ಅನುಮಾನ ಪಟ್ಟೆ.”

“ಪರವಾಗಿಲ್ಲಮ್ಮ,” ಎಂದರು ನನ್ನ ಗಂಡ. ದನಿ ಸ್ಪಷ್ಟವಾಗಿತ್ತು.

ಅವಳು ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದಳು. ಅಲ್ಲಿ ಕೆಂಪಾಜಮ್ಮ, “ಬಾರವ್ವ, ನೀರು ಕುಡ್ದು ಹೋಗು,” ಎಂದು ಕರೆಯುವುದು ಕೇಳಿಸಿತು.

ಅಂದು ಸಂಜೆ ಅವರು ಡ್ಯೂಟಿ ಮುಗಿಸಿ ಬಂದಾಗ ಮುಖಕ್ಕೆ ಬಣ್ಣ ಬಂದಿತ್ತು. ಮುದ್ದೆ ಬಡಿಸಿದೆ. ಹಸಿದು ಬಂದವರಂತೆ ಉಂಡರು. ಮುದ್ದೆ ತಿರುವುವಾಗ ನಾನು ಎರಡು ಸಲ ಒಲೆಯ ಮುಂದೆ ಕೂತುಕೊಳ್ಳಬೇಕಾಗಿ ಬಂದದ್ದನ್ನು ಅವರು ನೋಡಲಿಲ್ಲ, ನೋಡಿದರೂ ಹೇಳಲಿಲ್ಲ.

“ಇವತ್ತು ಹೊಸ ಹುಡುಗ್ರು ಬಂದ್ರು, ಟ್ರೈನಿಂಗ್ ಮುಗಿಸ್ಕೊಂಡು,” ಎಂದರು. “ಸಾಹೇಬ್ರು ನನ್ನನ್ನ ಅವ್ರ ಎದುರಿಗೆ ನಿಲ್ಲಿಸಿ ಹೇಳಿದ್ರು. ನೋಡ್ರೋ, ಆ ಹೆಂಗಸು ಖುದ್ದು ಕಿವಿ ಇಟ್ಟು ಕೇಳಿದ್ಲು, ಏನೂ ಸಿಗ್ಲಿಲ್ಲ. ನೆಲ ನೋಡಿಸಿ ಹಿಡಿದ್ರೆ ಮಣ್ಣಿಗೇ ಹೋಗ್ತದೆ ಅಂತ. ಹುಡುಗ್ರು ಹೂಂಗುಟ್ಟಿದ್ರು.”

“ನೀವೇನಂದ್ರಿ?”

“ನಾನೇನು ಅನ್ಲಿ?” ಸಾರಿಗೆ ತಟ್ಟೆ ಮುಂದೆ ಮಾಡಿದರು. “ಹೂಂ ಅಂದೆ.”

ಸಾರು ಬಿಟ್ಟೆ. ಎದೆಯೊಳಗಿನ ಅರ್ಧ ಉಸಿರು ನನ್ನ ಉಸಿರಿಗೆ ಅಡ್ಡ ಬಂದು, ಸೌಟು ತಟ್ಟೆಯ ಅಂಚಿಗೆ ತಗುಲಿತು. ಆ ಹುಡುಗರ ಮುಖ ನಾನು ನೋಡಿರಲಿಲ್ಲ. ಅವರ ಮಂಡಿಯ ಕೆಳಗೆ ಬೀಳುವವನ ಮುಖವನ್ನೂ ನೋಡಿರಲಿಲ್ಲ. ಅವನಿಗೂ ಜ್ವರ ಇರಬಹುದು, ಅವನೂ ಉಸಿರು ಕಟ್ಟುತ್ತದೆ ಎನ್ನಬಹುದು. ಅದಾದ ಮೇಲೆ ಈ ಸಾಲಿನ ಯಾವುದೋ ಹಸಿರು ಬಾಗಿಲ ಹಿಂದೆ, ಇನ್ನೂ ಮದುವೆಯೇ ಆಗಿರದ ಯಾವುದೋ ಹುಡುಗಿ ಬಂದು, ಬಾಯಿ ತೆರೆದು ನಿಲ್ಲುತ್ತಾಳೆ. ಒಂದೇ ಒಂದು ಉಸಿರು ಹೊಸಿಲು ದಾಟಿ ಮನೆ ಸೇರಿದರೆ, ಮಣ್ಣಿಗೆ ಹೋಗುತ್ತದೆ ಎನ್ನುವ ಮಾತು ಆ ದಿನವೇ ಬಿದ್ದುಹೋಗುತ್ತದೆ. ಅದರ ಜೊತೆ ಇವರೂ ಬೀಳುತ್ತಾರೆ. ಒದ್ದೆ ಬಟ್ಟೆ ಹಾಕಿ ನನ್ನ ತಲೆಯ ಬಳಿ ಕೂರುತ್ತಿದ್ದ ಈ ಮನುಷ್ಯ. ಎರಡನ್ನೂ ಒಟ್ಟಿಗೆ ಯೋಚಿಸಿದೆ. ಸೌಟನ್ನು ಪಾತ್ರೆಗೆ ಇಳಿಸಿ, ಚಿಕ್ಕತಾಯಮ್ಮನ ಮನೆಯ ಹೊಸಿಲಿಗೆ ಎಷ್ಟು ದೂರ ಎಂದು ಲೆಕ್ಕ ಹಾಕಿದೆ.

“ನಾಳೆ ಎಷ್ಟೊತ್ತಿಗೆ ಡ್ಯೂಟಿ?” ಎಂದು ಕೇಳಿದೆ.

“ಏಳಕ್ಕೆ. ಯಾಕೆ?”

“ತಿಂಡಿ ಬೇಗ ಮಾಡ್ಬೇಕಲ್ಲ.”

ಅವರು ತಲೆಯಾಡಿಸಿ ಕೈ ತೊಳೆಯಲು ಎದ್ದರು.